ಜೇಬಿನ ಚಾಕು ಯಾವ ದೇಶದ್ದಾದರೇನು? ಐದು ಮಳೆಗಾಲ ಕಂಡ ನಾಲ್ಕು ಚಾಕುಗಳ ವಿಮರ್ಶೆ

ನಾಲ್ಕರಲ್ಲಿ ಮಳೆಗಾಲ ಬಂದರೆ ಹಟ ಹಿಡಿದು ಕೂರುವುದು ಅಪ್ಪಟ ಫ್ರೆಂಚ್ ಚಾಕು. ತೆಗೆದುಕೊಂಡ ಮೇಲೆ ಒಂದು ದಿನವೂ ತಂಟೆ ಮಾಡದೆ ದುಡಿದದ್ದು ಚೀನಾದ್ದು. ಆದರೂ ಕೈ ಮೊದಲು ಹೋಗುವುದು ಫ್ರೆಂಚ್ ಚಾಕುವಿನ ಕಡೆಗೇ. ಇದು ಯಾಕೆ ಹೀಗೆ ಅನ್ನುವುದೇ ಈ ವಿಮರ್ಶೆ.

ಚಾಕುಗಳು ಇವು: ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ 91 ಮಿ.ಮೀ., ಫ್ರಾನ್ಸಿನ ಒಪಿನೆಲ್ ನಂಬರ್ 8 (ಕಾರ್ಬನ್ ಸ್ಟೀಲ್), ಜಪಾನಿನ ಸೆಕಿ ಊರಲ್ಲಿ ತಯಾರಾದ ಸ್ಪೈಡರ್ಕೊ ಡೆಲಿಕಾ, ಅದೇ ಕಂಪನಿ ಚೀನಾದಲ್ಲಿ ಮಾಡಿಸುವ ಟಿನೇಶಿಯಸ್. ಕೆಲಸ ಎಲ್ಲರ ಮನೆಯದ್ದೇ: ಕೊರಿಯರ್ ಡಬ್ಬ, ಗೊಬ್ಬರದ ಚೀಲದ ಹೊಲಿಗೆ, ಮೆಣಸಿನ ಬಳ್ಳಿ ಕಟ್ಟುವ ದಾರ, ತೆಂಗಿನ ನಾರಿನ ಹಗ್ಗ, ಮಾವಿನಕಾಯಿ. ಜಾಗ ಮಲೆನಾಡು. ಜೂನ್ ಬಂತೆಂದರೆ ಬೀರುವಿನ ಒಳಗಿನ ಬೆಲ್ಟಿಗೂ ಬೂಸ್ಟು ಹಿಡಿಯುವ ಊರು.

"ಯಾವ ದೇಶದ್ದು" ಅನ್ನುವ ಪ್ರಶ್ನೆ ಹಳೆಯದು. 1887ರಲ್ಲಿ ಬ್ರಿಟನ್ ಕಾನೂನು ಮಾಡಿ, ವಿದೇಶಿ ಮಾಲಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕೆಂದಿತು. ಜರ್ಮನಿಯ ಸೋಲಿಂಗೆನ್‌ನ ಅಗ್ಗದ ಚಾಕುಗಳು ಶೆಫೀಲ್ಡಿನ ಹೆಸರು ಹೊತ್ತು ಮಾರಾಟವಾಗುತ್ತಿವೆ ಎಂದು ಚಾಕುವಿಗೆ ಹೆಸರಾದ ಇಂಗ್ಲೆಂಡಿನ ಆ ಊರಿನವರು ಕೂಗಾಡಿದ್ದು ಅದರ ಹಿಂದಿನ ಒಂದು ಕಾರಣ. ಅಂದರೆ "ಮೇಡ್ ಇನ್ ಜರ್ಮನಿ" ಅನ್ನುವುದು ಆಗ ಎಚ್ಚರಿಕೆಯ ಮುದ್ರೆ! ಐವತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಸೋಲಿಂಗೆನ್ ತನ್ನ ಹೆಸರನ್ನು ಬೇರೆಯವರು ಕದಿಯದಂತೆ 1938ರಲ್ಲಿ ಕಾನೂನಿನ ರಕ್ಷಣೆ ಪಡೆಯಿತು. ಇನ್ನೂ ತಮಾಷೆಯೆಂದರೆ, ಸ್ವಿಸ್ ಸೈನ್ಯದ ಚಾಕುವಿನ ಮೊದಲ ಕಂತನ್ನು ಮಾಡಿಕೊಟ್ಟದ್ದೂ ಸೋಲಿಂಗೆನ್. ಅಷ್ಟು ದೊಡ್ಡ ಆರ್ಡರ್ ಪೂರೈಸುವ ಕಾರ್ಖಾನೆ ಆಗ ಸ್ವಿಟ್ಜರ್ಲೆಂಡಿನಲ್ಲಿ ಇರಲಿಲ್ಲ. ಮುಂದೆ ವಿಕ್ಟೋರಿನಾಕ್ಸ್ ಎನಿಸಿದ ಕಂಪನಿಯ ಸ್ಥಾಪಕ ಕಾರ್ಲ್ ಎಲ್ಸೆನರ್ ಕೈಗೆ ಆ ಕೆಲಸ ಬಂದದ್ದು 1891ರಲ್ಲಿ.

ಹೋಲಿಕೆಗೆ ಸ್ಪೈಡರ್ಕೊ ಜೋಡಿಯೇ ಸರಿ. ವಿನ್ಯಾಸದ ಮನೆ ಒಂದೇ, ದೇಶ ಮಾತ್ರ ಬೇರೆ. ಡೆಲಿಕಾದ ಅಲಗು ವಿಜಿ-10 ಸ್ಟೀಲು, ಸುಮಾರು ಶೇ. 1 ಇಂಗಾಲ, ಶೇ. 15 ಕ್ರೋಮಿಯಂ. ಟಿನೇಶಿಯಸ್‌ನದು 8ಸಿಆರ್13ಎಂಒವಿ, ಹೆಸರಲ್ಲೇ ಇದೆ, ಸುಮಾರು ಶೇ. 0.8 ಇಂಗಾಲ, ಶೇ. 13 ಕ್ರೋಮಿಯಂ. ರಟ್ಟಿನ ಡಬ್ಬ ಕೊಯ್ಯುತ್ತಾ ಹೋದರೆ ಡೆಲಿಕಾ ಹೆಚ್ಚು ಹೊತ್ತು ಹರಿತ ಉಳಿಸಿಕೊಳ್ಳುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಸ್ಟೀಲಿನ ಗುಣ, ಜಪಾನಿನ ಗಾಳಿಯದ್ದಲ್ಲ. ಸಾಣೆಗೆ ಕೂತರೆ ಲೆಕ್ಕ ತಿರುಗುತ್ತದೆ. ಟಿನೇಶಿಯಸ್ ಹತ್ತು ನಿಮಿಷದಲ್ಲಿ ಕೂದಲು ಬೋಳಿಸುವಂತಾಗುತ್ತದೆ. ವಿಜಿ-10ರಲ್ಲಿ ತುದಿಗೆ ಏಳುವ ಬರ್, ಅಂದರೆ ಆ ನವಿರಾದ ಲೋಹದ ಮಡಿಕೆ, ಉದುರುವುದಿಲ್ಲ. ಆ ಕಡೆ ಉಜ್ಜಿದರೆ ಈ ಕಡೆ ಬಾಗುತ್ತದೆ, ಈ ಕಡೆ ಉಜ್ಜಿದರೆ ಆ ಕಡೆ. ಕೊನೆಯ ಹತ್ತು ಸವರಿಕೆಯನ್ನು ಒಂದೊಂದು ಬದಿಗೆ ಒಂದೊಂದರಂತೆ, ಚಾಕುವಿನ ಭಾರ ಮಾತ್ರ ಕಲ್ಲಿನ ಮೇಲೆ ಬೀಳುವಷ್ಟು ಹಗುರವಾಗಿ ಕೊಟ್ಟು, ಆಮೇಲೆ ಹಳೆ ಚರ್ಮದ ಬೆಲ್ಟಿನ ಮೇಲೆ ಹಿಮ್ಮುಖವಾಗಿ ಎಳೆದರೆ ಮಾತ್ರ ಹೋಗುತ್ತದೆ.

ಕೋನ ಅಳೆಯಲು ಉಪಕರಣ ಬೇಡ. ಅಲಗಿನ ಅಗಲ ಎಷ್ಟಿದೆಯೋ ಅದರ ಮೂರನೇ ಒಂದು ಭಾಗದಷ್ಟು ಬೆನ್ನನ್ನು ಕಲ್ಲಿನಿಂದ ಎತ್ತಿ ಹಿಡಿದರೆ ಸುಮಾರು 20 ಡಿಗ್ರಿ. ನಾಲ್ಕೂ ಚಾಕುವಿಗೆ ಅಷ್ಟು ಸಾಕು. ಸಾವಿರ ಗ್ರಿಟ್ಟಿನ (ಕಲ್ಲಿನ ಕಣ ಎಷ್ಟು ನವಿರು ಅನ್ನುವ ಅಳತೆ) ಒಂದು ಕಲ್ಲು ಇದ್ದರೆ ಆಯಿತು.

"ಚೀನಾ ಚಾಕು, ಎರಡೇ ದಿನಕ್ಕೆ ಮೊಂಡಾಯ್ತು" ಅನ್ನುವವರು ಒಂದು ಸಂಗತಿ ಗಮನಿಸಿರುವುದಿಲ್ಲ. ಕಾರ್ಖಾನೆಯಲ್ಲಿ ಕೊನೆಯ ಸಾಣೆ ಹಿಡಿಯುವುದು ಬೆಲ್ಟ್ ಯಂತ್ರದ ಮೇಲೆ. ಕೆಲಸಗಾರ ಅವಸರ ಮಾಡಿದರೆ ಕೂದಲೆಳೆಯಷ್ಟು ತೆಳುವಾದ ತುದಿ ಮಾತ್ರ ಕಾದು, ಕಾಯಿಸಿ ತಣಿಸಿ ಹಾಕಿದ ಹದ, ಅಂದರೆ ಗಡಸುತನ, ಅಷ್ಟು ಜಾಗದಲ್ಲಿ ಇಳಿದುಹೋಗುತ್ತದೆ. ಒಳಗಿನ ಸ್ಟೀಲು ಗಟ್ಟಿಯೇ ಇರುತ್ತದೆ. ಎರಡು ಮೂರು ಸಲ ಕೈಯಲ್ಲಿ, ನೀರು ಹಾಕಿದ ಕಲ್ಲಿನ ಮೇಲೆ ಸಾಣೆ ಹಿಡಿದ ಮೇಲೆ ಅಸಲಿ ಲೋಹ ಹೊರಬರುತ್ತದೆ. ಇದು ಯಾವ ದೇಶದ ಕಾರ್ಖಾನೆಯಲ್ಲೂ ಆಗುವಂಥದ್ದು. ಮೂರು ಸಾಣೆಯ ನಂತರವೂ ಹರಿತ ನಿಲ್ಲದಿದ್ದರೆ ಆಗ ಬೈಯಬಹುದು. ಹದವೇ ಸರಿ ಬಿದ್ದಿಲ್ಲ.

ಹದ ಅನ್ನುವುದೇ ಎಲ್ಲ. ಕುಲುಮೆಯಲ್ಲಿ ಕತ್ತಿ ಮಾಡುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಸ್ಟೇನ್‌ಲೆಸ್ ಅಲಗನ್ನು ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿಸಿ, ಥಟ್ಟನೆ ತಣಿಸಿ, ಮತ್ತೆ ಕಡಿಮೆ ಶಾಖದಲ್ಲಿ ಕಾಯಿಸಿ ಬಿಗುವು ಇಳಿಸಬೇಕು. ಯಾವುದಾದರೂ ಒಂದರಲ್ಲಿ ಎಡವಿದರೆ ದುಬಾರಿ ಸ್ಟೀಲೂ ತಗಡೇ. ವಿಕ್ಟೋರಿನಾಕ್ಸ್ ಬಳಸುವುದು ದೊಡ್ಡ ಹೆಸರಿನ ಸ್ಟೀಲೇನಲ್ಲ, ಗಡಸುತನವೂ ಅದನ್ನು ಅಳೆಯುವ ರಾಕ್‌ವೆಲ್ ಮಾಪಕದಲ್ಲಿ 56ರ ಆಸುಪಾಸು. ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಸರಿಯಾಗುತ್ತದೆ, ತುಕ್ಕಂತೂ ಹತ್ತಿರ ಸುಳಿಯುವುದಿಲ್ಲ. ಅದರ ಹೆಚ್ಚುಗಾರಿಕೆ ಇರುವುದು ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಇಲ್ಲದಿರುವುದರಲ್ಲಿ. ಹತ್ತು ಚಾಕು ತೆಗೆದು ನೋಡಿ, ಹತ್ತರದ್ದೂ ಒಂದೇ "ಟಕ್". ಅದಕ್ಕಿಂತ ಹೆಚ್ಚು ಹೇಳುವುದಕ್ಕೆ ಏನೂ ಇಲ್ಲದಷ್ಟು ಒಳ್ಳೆಯ ಚಾಕು.

ಇನ್ನು ಒಪಿನೆಲ್. ಬೀಚ್ ಮರದ ಹಿಡಿ, ಒಂದು ಅಲಗು, ಒಂದು ರಿವೆಟ್, ತಿರುಗಿಸಿ ಬಿಗಿಮಾಡುವ ಒಂದು ಉಂಗುರ. ಆ ಉಂಗುರ ಬಂದದ್ದು 1955ರಲ್ಲಿ; ಚಾಕು ಅದಕ್ಕಿಂತ ಹಳೆಯದು, 1890ರದ್ದು. ಅಲಗನ್ನು ಬಿಗಿ ಹಿಡಿಯುವುದಕ್ಕೆ ಸ್ಪ್ರಿಂಗ್ ಇಲ್ಲ, ಮರದ ಸೀಳೇ ಹಿಡಿಯಬೇಕು. ಮರ ನೀರು ಕುಡಿದರೆ ಉಬ್ಬುತ್ತದೆ, ಸೀಳು ಮುಚ್ಚಿಕೊಳ್ಳುತ್ತದೆ, ಉಗುರಿನ ಗುರುತಿಗೆ ಉಗುರು ಹಾಕಿ ಎಳೆದರೆ ಉಗುರೇ ಮುರಿಯುತ್ತದೆ. ಫ್ರಾನ್ಸಿನ ಸವಾಯ್ ಪ್ರಾಂತ್ಯದವರಿಗೂ ಇದು ಗೊತ್ತಿರುವ ವಿಷಯವೇ. ಅವರ ಉಪಾಯ: ಉಂಗುರ ಸಡಿಲಿಸಿ, ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಒಮ್ಮೆ ಕುಟ್ಟುವುದು. ಅಲಗಿನ ಮೊನೆ ತಾನಾಗಿ ಎದ್ದು ಬರುತ್ತದೆ, ಬೆರಳಲ್ಲಿ ಹಿಡಿದು ಬಿಡಿಸಿಕೊಳ್ಳಬಹುದು. ಜುಲೈ ತಿಂಗಳ ಬೆಳಿಗ್ಗೆ ಆ ಕುಟ್ಟು ಕೇಳಿಸಿತೆಂದರೆ ಮನೆಯವರಿಗೆ ಕಿತ್ತಳೆ ಸುಲಿಯುವುದು ಶುರುವಾಯಿತು ಎಂದೇ ಲೆಕ್ಕ.

ಶಾಶ್ವತ ಪರಿಹಾರ ಬೇಕಿದ್ದರೆ ಹೀಗೆ. ಚಾಕುವನ್ನು ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಸ್ಟೀಲ್ ಡಬ್ಬಿಯಲ್ಲಿ ನಾಲ್ಕೈದು ದಿನ ಮುಚ್ಚಿಡಿ. ಒಲೆಯ ಮೇಲೆ ಕಾಯಿಸಬೇಡಿ, ಮರ ಸೀಳುತ್ತದೆ. ಅಲಗನ್ನು ತೆರೆದು, ಉಂಗುರ ಬಿಗಿ ಮಾಡಿ, 150 ನಂಬರಿನ ಉಪ್ಪು ಕಾಗದವನ್ನು ತೆಳ್ಳಗಿನ ಸ್ಟೀಲ್ ಅಡಿಕೋಲಿಗೆ ಸುತ್ತಿ ಸೀಳಿನೊಳಗೆ ಹಾಕಿ. ರಿವೆಟ್ಟಿನ ಹತ್ತಿರ ಮರ ಎಲ್ಲಿ ಉಜ್ಜಿ ಹೊಳೆಯುತ್ತಿದೆಯೋ ಅಲ್ಲಿ ಮಾತ್ರ, ಒಂದೊಂದು ಬದಿಗೆ ಹತ್ತೇ ಹತ್ತು ಎಳೆತ, ಮತ್ತೆ ಮಡಚಿ ನೋಡಿ. ಎಲ್ಲರೂ ಮಾಡುವ ತಪ್ಪು ಇಲ್ಲೇ: ಆಷಾಢದಲ್ಲಿ ಉಬ್ಬಿದ ಮರವನ್ನೇ ಉಜ್ಜಿ ಸಲೀಸು ಮಾಡಿಕೊಳ್ಳುತ್ತಾರೆ, ಚೈತ್ರದಲ್ಲಿ ಅಲಗು ಲೊಡಲೊಡ ಅನ್ನುತ್ತದೆ. ಒಣಗಿದ ಮರವನ್ನೇ ಉಜ್ಜಬೇಕು.

ಆಮೇಲೆ ಎಣ್ಣೆ. ತೆಂಗಿನೆಣ್ಣೆ ಮರಕ್ಕೆ ಬೇಡ. ಅದು ಎಂದೂ ಗಟ್ಟಿಯಾಗದೆ ಒಳಗೇ ಉಳಿದು ಕಮಟು ವಾಸನೆ ಹೊಡೆಯುತ್ತದೆ. ಬೇಕಾದದ್ದು ಅಗಸೆ ಎಣ್ಣೆ, ಗಾಳಿಗೆ ತಾನಾಗಿ ಗಟ್ಟಿಯಾಗುವ ಜಾತಿ. ಬಣ್ಣದ ಅಂಗಡಿಯ ಡಬಲ್ ಬಾಯ್ಲ್ಡ್ ಬೇಗ ಒಣಗುತ್ತದೆ, ಆದರೆ ಅದರಲ್ಲಿ ಒಣಗಿಸುವ ರಾಸಾಯನಿಕ ಬೆರೆಸಿರುತ್ತಾರೆ. ಹಣ್ಣು ಕೊಯ್ಯುವ ಚಾಕುವಿಗೆ ಗಾಣದ ಅಗಸೆ ಎಣ್ಣೆಯೇ ವಾಸಿ, ವಾರ ಹಿಡಿಯುತ್ತದೆ ಅಷ್ಟೆ. ಸೀಳಿನೊಳಗೆ ಹತ್ತಿ ಕಡ್ಡಿಯಿಂದ ಹಚ್ಚಿ, ಅರ್ಧ ಗಂಟೆ ಬಿಟ್ಟು ಒರೆಸಿ. ಹೀಗೆ ಮೂರು ಸಲ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟಿ ಬಟ್ಟೆಗೆ ತಾನಾಗಿ ಬೆಂಕಿ ಹತ್ತಬಹುದು. ಹೊರಗೆ ಹರವಿ ಒಣಗಿಸಿ.

ಅಲಗಿಗೆ ಮಾತ್ರ ತೆಂಗಿನೆಣ್ಣೆಯ ಒಂದು ಬೊಟ್ಟು ದಿನಾ ಸಾಕು. ಕಾರ್ಬನ್ ಸ್ಟೀಲು ಮಾವಿನಕಾಯಿ ಕೊಯ್ದ ಕೂಡಲೇ ನೀಲಿ, ಬೂದು, ಕೊನೆಗೆ ಕಪ್ಪು ತಿರುಗುತ್ತದೆ. ಆ ಕಪ್ಪನ್ನು ತಿಕ್ಕಿ ತೆಗೆಯಬೇಡಿ, ಅದೇ ಕವಚ. ಕೆಂಪು ಕಂಡರೆ ಮಾತ್ರ ತುಕ್ಕು. ಆ ತೆಳು ಅಲಗು ಸೇಬಿನ ಸಿಪ್ಪೆಯನ್ನು ಒಂದೇ ಎಳೆಯಲ್ಲಿ ಬಿಡಿಸುವ ಪರಿ ನೋಡಿದರೆ ಉಳಿದ ಮೂರೂ ಕೊಡಲಿಯ ಹಾಗೆ ಕಾಣುತ್ತವೆ. ಬೈಯುತ್ತಾ ಶುರು ಮಾಡಿದವರೂ ಇಲ್ಲಿ ಮೆತ್ತಗಾಗುತ್ತಾರೆ.

ಅಂದಹಾಗೆ ಒಪಿನೆಲ್‌ನ ಸ್ಟೇನ್‌ಲೆಸ್ ಮಾದರಿಗೆ ಬಳಸುವುದು ಸ್ವೀಡನ್ ಮೂಲದ 12ಸಿ27 ಸ್ಟೀಲು. ಸ್ವಿಟ್ಜರ್ಲೆಂಡಿನಲ್ಲಿ ಕೈಗಾರಿಕಾ ವಸ್ತುವಿನ ತಯಾರಿಕಾ ವೆಚ್ಚದಲ್ಲಿ ಶೇ. 60 ಅಲ್ಲಿಯದಾದರೆ ಅದನ್ನು ಸ್ವಿಸ್ ಎನ್ನಬಹುದು. 2017ರಿಂದ ಜಾರಿಯಲ್ಲಿರುವ ನಿಯಮ. ಅಲಗಿನ ಮೇಲೆ ಕೊರೆದ ದೇಶ ಅಲಗಿನ ಲೋಹದ ದೇಶ ಆಗಿರಲೇಬೇಕೆಂದಿಲ್ಲ.

ಇದಕ್ಕಿಂತ ಮೋಸ ಪೇಟೆಯ ಗಾಜಿನ ಕಪಾಟಿನಲ್ಲಿದೆ. ಮುನ್ನೂರು ರೂಪಾಯಿಯ ಚಾಕು, ಅಲಗಿನ ಮೇಲೆ ಬರೀ "ಜರ್ಮನಿ" ಅಥವಾ "ಜಪಾನ್ ಸ್ಟೀಲ್" ಎಂದು ಕೊರೆದಿರುತ್ತಾರೆ. "ಮೇಡ್ ಇನ್" ಇಲ್ಲ, ಸ್ಟೀಲಿನ ನಂಬರಿಲ್ಲ, ತಯಾರಕರ ವಿಳಾಸವಿಲ್ಲ. ಅಂಥದ್ದನ್ನು ಕೈಗೆತ್ತಿಕೊಂಡರೆ ದೇಶ ಮರೆತು ಇಷ್ಟು ನೋಡಿ. ಅಲಗು ತೆರೆದು ಮೇಲೆ ಕೆಳಗೆ, ಆಮೇಲೆ ಅಕ್ಕಪಕ್ಕ ಅಲುಗಿಸಿ. ಅಕ್ಕಪಕ್ಕದ ಸಡಿಲ ಸ್ಕ್ರೂ ಬಿಗಿ ಮಾಡಿದರೆ ಹೋಗುತ್ತದೆ, ಮೇಲೆ ಕೆಳಗಿನದ್ದು ಲಾಕ್ ಸರಿ ಕೂತಿಲ್ಲವೆಂದು, ಅದು ಹೋಗುವುದಿಲ್ಲ. ಮಡಚಿ ಹಿಡಿದು ಮೇಲಿನಿಂದ ನೋಡಿ, ಅಲಗು ನಡುವಿನಲ್ಲಿ ಕೂತಿರಬೇಕು, ಒಂದು ಕಡೆಯ ತಗಡಿಗೆ ತಾಗಬಾರದು. ಲೈನರ್ ಲಾಕ್ (ಹಿಡಿಯೊಳಗಿನ ತಗಡೇ ಬಾಗಿ ಬಂದು ಅಲಗು ಮಡಚದಂತೆ ತಡೆಯುವ ಬಗೆ) ಇದ್ದರೆ, ಆ ಬಾಗಿದ ತಗಡು ಅಲಗಿನ ಬುಡದ ಅಗಲದಲ್ಲಿ ಕಾಲುಭಾಗಕ್ಕಾದರೂ ಒಳಗೆ ಬಂದು ಕೂರಬೇಕು. ಅಂಚಿಗೆ ಮಾತ್ರ ತಾಗಿದರೆ ಒಂದು ದಿನ ಬೆರಳಿನ ಮೇಲೆ ಮಡಚಿಕೊಳ್ಳುತ್ತದೆ. ಸ್ಕ್ರೂ ಬದಲು ರಿವೆಟ್ ಹೊಡೆದ ಅಗ್ಗದ ಚಾಕುವಿನಲ್ಲಿ ಇದನ್ನೆಲ್ಲ ರಿಪೇರಿ ಮಾಡುವುದು ಆಗದ ಮಾತು.

ತೀರಾ ದುಬಾರಿ ಚಾಕುವನ್ನು ತೋಟಕ್ಕೆ ಒಯ್ಯುವ ಮನಸ್ಸು ನನಗಂತೂ ಬರುವುದಿಲ್ಲ, ಹಾಗಾಗಿ ಡೆಲಿಕಾ ಮನೆಯಲ್ಲೇ ಡಬ್ಬ ಕೊಯ್ದುಕೊಂಡಿದೆ. ಹಲಸಿನ ಕಾಲದಲ್ಲಿ ಟಿನೇಶಿಯಸ್. ಮೇಣ ಪಿವಟ್ಟಿಗೆ, ಅಂದರೆ ಅಲಗು ತಿರುಗುವ ಕೀಲಿಗೆ, ಇಳಿದರೂ ಸ್ಕ್ರೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಮತ್ತೆ ಕೂರಿಸಬಹುದು. ದಸರಾ ಕಳೆದು ಬಿಸಿಲು ಬಲಿತ ಮೇಲೆ ಒಪಿನೆಲ್ ಮತ್ತೆ ಜೇಬಿಗೆ ಬರುತ್ತದೆ, ಕುಟ್ಟುವ ಅಗತ್ಯವಿಲ್ಲದೆ.