ಟೇಪ್ ಜೋಡಿಸುವ ಅಲ್ಯೂಮಿನಿಯಂ ಬ್ಲಾಕ್: 45 ಡಿಗ್ರಿಗೆ ಪೂರ್ತಿ ಅಂಕ, 90ಕ್ಕೆ ಅರ್ಧ

ನಮ್ಮ ಮಾವನವರ ಕಾಲದ, ಧ್ವನಿಮುದ್ರಣದ ಸ್ಪೂಲ್ ಟೇಪುಗಳಲ್ಲಿ ಮೊದಲು ಕೈಕೊಡುವುದು ಟೇಪ್ ಅಲ್ಲ, ಅದರಲ್ಲಿನ ಹಳೆಯ ಜೋಡಣೆಗಳು. ಅಂಟು ಒಣಗಿರುತ್ತದೆ. ರಿವೈಂಡ್ ಮಾಡುವಾಗ ಪಟ್ ಅಂತ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಒಂದು ಒಳ್ಳೆ ಸ್ಪ್ಲೈಸಿಂಗ್ ಬ್ಲಾಕ್, ಅಂದರೆ ಟೇಪನ್ನು ಕೂರಿಸಿ ಕತ್ತರಿಸಿ ಜೋಡಿಸುವ ಅಚ್ಚು, ಹುಡುಕುತ್ತಿದ್ದೆ.

ಪೀಣ್ಯದಲ್ಲಿ ಮಿಲ್ಲಿಂಗ್ ಕೆಲಸ ಮಾಡುವ ಒಬ್ಬರು ಬಿಡುವಿನಲ್ಲಿ ಇದನ್ನು ಮಾಡಿ ಮಾರುತ್ತಾರೆ. ಅವರಿಗೂ ಟೇಪಿನ ಹುಚ್ಚು. ಬೆಲೆ 900 ರೂಪಾಯಿ. ಅಂಗೈಯುದ್ದದ ಅಲ್ಯೂಮಿನಿಯಂ ತುಂಡು, ನಡುವೆ ಕಾಲಿಂಚು ಟೇಪ್ ಕೂರುವ ತೋಡು, ಬ್ಲೇಡ್ ಇಳಿಯಲು ಎರಡು ಕಚ್ಚು: ಒಂದು 45 ಡಿಗ್ರಿ ಓರೆ, ಇನ್ನೊಂದು 90 ಡಿಗ್ರಿ ನೇರ.

ಈ ತೋಡು ಸರಿಯಿಲ್ಲದಿದ್ದರೆ ಉಳಿದದ್ದೆಲ್ಲ ದಂಡ. ಅಮೆರಿಕದ ಜೋಯಲ್ ಟಾಲ್ ರೂಪಿಸಿದ ಎಡಿಟಾಲ್ ಬ್ಲಾಕಿನಲ್ಲಿ ತೋಡಿನ ಅಂಚು ಒಳಕ್ಕೆ ಬಾಗಿರುತ್ತದೆ, ಕ್ಲಿಪ್ ಇಲ್ಲದೆಯೇ ಟೇಪನ್ನು ಹಿಡಿಯುತ್ತದೆ. ಇಲ್ಲೂ ಅದೇ ಉಪಾಯ. ಬೆರಳಲ್ಲಿ ಸವರಿದರೆ ಸಾಕು, ಟೇಪ್ ಕೂತುಬಿಡುತ್ತದೆ. ನನ್ನ ಹತ್ತಿರ ತ್ರೀಡಿ ಪ್ರಿಂಟ್ ಮಾಡಿದ್ದೂ ಒಂದಿದೆ. ಬ್ಲೇಡ್ ಪ್ಲಾಸ್ಟಿಕ್ಕನ್ನೇ ಕೆರೆದು ಕೆರೆದು ಅದರ ಕಚ್ಚು ಅಗಲವಾಗಿದೆ.

45 ಡಿಗ್ರಿ ಕಚ್ಚು ಅದ್ಭುತ. ಓರೆಯಾಗಿ ಕತ್ತರಿಸಿದ ಜೋಡಣೆ, ಟೇಪಿನಿಂದ ಸದ್ದು ಓದುವ ಹೆಡ್ ಮೇಲೆ ಒಮ್ಮೆಲೇ ಹಾಯುವುದಿಲ್ಲ, ಹಾಗಾಗಿ ಟಕ್ ಅನ್ನುವ ಸದ್ದಿಲ್ಲ. ಬರೀ ತಂಬೂರಿ ಶ್ರುತಿ ಇರುವ ಜಾಗದಲ್ಲಿ ಜೋಡಿಸಿ, ಸೆಕೆಂಡಿಗೆ 19 ಸೆಂ.ಮೀ. ವೇಗದಲ್ಲಿ ಕೇಳಿದೆ. ಎಲ್ಲಿ ಸೇರಿಸಿದ್ದೆ ಅನ್ನೋದೇ ಗೊತ್ತಾಗಲಿಲ್ಲ.

90 ಡಿಗ್ರಿಯದ್ದು ಮಾತ್ರ ಸಡಿಲ, ಬ್ಲೇಡ್ ಅಲ್ಲಾಡುತ್ತದೆ. ಕೇಳಿದರೆ "ಅದನ್ನ ಯಾರು ಬಳಸ್ತಾರೆ ಮೇಡಂ?" ಅಂದರು. ಟೇಪಿನಲ್ಲಿರುವ ಮಾತಿನ ನಡುವೆ ಬಿಗಿಯಾಗಿ ಕತ್ತರಿಸುವವರು ಬಳಸುತ್ತಾರೆ ಸ್ವಾಮಿ!

ಜೊತೆಗೆ ಕೊಡುವ ಅಂಟುಪಟ್ಟಿ ಬೇಡವೇ ಬೇಡ. ಅದು ಟೇಪಿನಷ್ಟೇ ಅಗಲವಿದೆ. ಸರಿಯಾದ ಸ್ಪ್ಲೈಸಿಂಗ್ ಟೇಪ್ ಸುಮಾರು 5.5 ಮಿ.ಮೀ. ಇರುತ್ತದೆ, ಅಂಚಿನಿಂದ ಅಂಟು ಹೊರಗೆ ಬರಬಾರದು ಅಲ್ವಾ? ಅದನ್ನು ಬೇರೆ ತರಿಸಿಕೊಳ್ಳಿ, ಹೆಡ್‌ಗೆ ತಾಗದ ಬದಿಗೆ ಅಂಟಿಸಿ. ಸೆಲ್ಲೋಟೇಪ್ ಹಾಕಿದರೆ ಅಂಟು ಜಿನುಗಿ ಮುಂದಿನ ಸುತ್ತಿಗೂ ಹತ್ತಿಕೊಳ್ಳುತ್ತದೆ. ಬ್ಲೇಡನ್ನೂ ಗುಂಡುಪಿನ್ನಿನ ಹತ್ತಿರ ಹಿಡಿದು ನೋಡಿ. ಪಿನ್ನನ್ನು ಎಳೆದರೆ ಬ್ಲೇಡಿಗೆ ಅಯಸ್ಕಾಂತದ ಗುಣ ಬಂದಿದೆ ಅಂತ, ಕತ್ತರಿಸಿದ ಜಾಗದಲ್ಲಿ ಟಕ್ ಕೇಳಿಸುತ್ತದೆ.

ತಳದಲ್ಲಿ ಸ್ಕ್ರೂ ತೂತಿಲ್ಲ. ನಾನು ಎರಡೂ ಬದಿ ಅಂಟುವ ಪಟ್ಟಿ ಹಾಕಿ ಹಲಗೆಗೆ ಕೂರಿಸಿದ್ದೇನೆ, ಸದ್ಯಕ್ಕೆ ಅಲ್ಲಾಡುತ್ತಿಲ್ಲ.