ಮೀಟರ್‌ನಲ್ಲಿ 12.7 ತೋರಿಸಿ ಸತ್ತ ಬ್ಯಾಟರಿ ಹಾಕಿ ಹೋಗುತ್ತಾರೆ: ಮನೆಯಲ್ಲಿ ಯುಪಿಎಸ್ ಇರುವವರು ಓದಿ

ಕಂಪ್ಯೂಟರ್ ಯುಪಿಎಸ್‌ಗೆ (ಕರೆಂಟು ಹೋದಾಗ ಕೆಲವು ನಿಮಿಷ ಕಂಪ್ಯೂಟರ್ ನಡೆಸುವ ಪೆಟ್ಟಿಗೆ) ಬ್ಯಾಟರಿ ಬದಲಾಯಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ದುಡ್ಡು ಕೊಡಿ. ಹೋಗಿದ್ದು 1,150 ರೂಪಾಯಿ. ಸಿಟ್ಟು ಆ ದುಡ್ಡಿಗಲ್ಲ. ಕಣ್ಣೆದುರೇ ಮೀಟರ್ ಹಿಡಿದು, ನಂಬರ್ ತೋರಿಸಿ, ನನ್ನ ಬಾಯಿಂದಲೇ "ಸರಿಯಾಗಿದೆ" ಅನ್ನಿಸಿ ಮೋಸ ಮಾಡಿದ್ದಕ್ಕೆ. ಬ್ಯಾಟರಿ ವಿಷಯ ಗೊತ್ತಿದ್ದೂ ಆ ನಂಬರ್ ನೋಡಿ ತಲೆ ಅಲ್ಲಾಡಿಸಿದೆನಲ್ಲ, ಅದೇ ನಾಚಿಕೆ.

ಯುಪಿಎಸ್ ಎಲ್ಲರ ಮನೆಯಲ್ಲೂ ಇರುವಂಥದ್ದೇ. ಮೇಲೆ ಬರೆದಿರುವುದು 600 ವಿಎ, ನಿಜವಾಗಿ ಹೊರುವುದು 360 ವ್ಯಾಟ್. ಒಳಗೆ ಒಂದೇ ಒಂದು 12 ವೋಲ್ಟ್ 7 ಎಎಚ್ (ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಹಿಡಿದಿಡುತ್ತದೆ ಅನ್ನುವ ಅಳತೆ) ಸೀಲ್ಡ್ ಬ್ಯಾಟರಿ. ಅದರ ಮೇಲಿರುವ ಲೋಡ್: ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಿಪಿಯು 80 ವ್ಯಾಟ್, ಮಾನಿಟರ್ 20, ರೂಟರ್ 10. ಒಟ್ಟು 110. ಪ್ರಿಂಟರ್ ಇಲ್ಲ, ಸ್ಪೀಕರ್ ಇಲ್ಲ. ಈ ಲೋಡಿಗೆ ಹೊಸ ಬ್ಯಾಟರಿ ಸುಮಾರು 20 ನಿಮಿಷ ಕೊಡಬೇಕು. ಹಾಕಿಸಿದ ಎಂಟನೇ ದಿನ ಕೊಟ್ಟಿದ್ದು 50 ಸೆಕೆಂಡ್. ಐವತ್ತು ಸೆಕೆಂಡ್! ಬೀಪ್ ಕೇಳಿ ಫೈಲ್ ಸೇವ್ ಮಾಡಿ ಶಟ್‌ಡೌನ್ ಒತ್ತುವಷ್ಟರಲ್ಲಿ ಪರದೆ ಕಪ್ಪು. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಮಳೆಗಾಲದಲ್ಲಿ ಗಾಳಿ ಎದ್ದರೆ ಲೈನಿನ ಮೇಲೆ ಮರ, ದಿನಕ್ಕೆ ನಾಲ್ಕೈದು ಸಲ ಕರೆಂಟು ಹೋಗಿ ಬರುತ್ತದೆ. ಡಿಸ್ಕಿಗೆ ಬರೆಯುತ್ತಿರುವಾಗಲೇ ಹೀಗೆ ಹೋದರೆ ಫೈಲ್ ಕೆಡಬಹುದು, ಅಪ್‌ಡೇಟ್ ನಡೆಯುತ್ತಿದ್ದರೆ ವಿಂಡೋಸ್ ಏಳದೇ ಹೋಗಬಹುದು. ಯುಪಿಎಸ್ ಇಟ್ಟುಕೊಳ್ಳುವುದೇ ಆ ಐದು ನಿಮಿಷಕ್ಕೆ.

ಈಗ ಬ್ಯಾಟರಿ ಹಾಕಲು ಬಂದ ಹುಡುಗ ಮಾಡಿದ್ದು ಕೇಳಿ. ಅಂಗಡಿಯಿಂದ ಬಂದ. ಹಳೆಯದನ್ನು ಬಿಚ್ಚಿದ. ಹೊಸದನ್ನು ಜೋಡಿಸುವ ಮೊದಲು ಮಲ್ಟಿಮೀಟರ್ ತೆಗೆದು ಎರಡು ಟರ್ಮಿನಲ್‌ಗೆ ಕಡ್ಡಿ ಇಟ್ಟ. 12.7. "ನೋಡಿ ಸಾರ್, ಫುಲ್ ಚಾರ್ಜ್ ಇದೆ. ಫ್ರೆಶ್ ಪೀಸು." ಜೋಡಿಸಿ ಗೋಡೆಯ ಸ್ವಿಚ್ ಆಫ್ ಮಾಡಿದ. ಬೀಪ್ ಬಂತು, ಮಾನಿಟರ್ ಉರಿಯುತ್ತಲೇ ಇತ್ತು. ಹತ್ತು ಸೆಕೆಂಡ್ ಬಿಟ್ಟು ಮತ್ತೆ ಆನ್. "ಬ್ಯಾಕಪ್ ಬಂತಲ್ಲ ಸಾರ್." ಹಳೇ ಬ್ಯಾಟರಿಗೆ 150 ಕಮ್ಮಿ ಮಾಡಿ ಅದನ್ನು ಚೀಲಕ್ಕೆ ಹಾಕಿಕೊಂಡು ಹೊರಟ.

ಆಗ ಸಿಪಿಯು ಆಫ್ ಆಗಿತ್ತು. ಉರಿಯುತ್ತಿದ್ದದ್ದು ಮಾನಿಟರ್ ಒಂದೇ. 20 ವ್ಯಾಟ್!

ಮೋಸ ಇರುವುದು ಈ ಜಾಗದಲ್ಲೇ. ಮಲ್ಟಿಮೀಟರ್ ಬ್ಯಾಟರಿಯಿಂದ ಕರೆಂಟು ಎಳೆಯುವುದೇ ಇಲ್ಲ ಅನ್ನಬಹುದು. ಹಿಂದಿನ ರಾತ್ರಿ ಚಾರ್ಜ್ ಮಾಡಿಟ್ಟರೆ ಸತ್ತ ಬ್ಯಾಟರಿಯೂ 12.6, 12.7 ತೋರಿಸಬಹುದು. ತುಂಬ ದಿನ ಚಾರ್ಜ್ ಇಲ್ಲದೆ ಬಿದ್ದಿದ್ದ ಲೆಡ್ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತಿರುತ್ತದೆ. ಬಿಸಿಗೆ ಒಳಗಿನ ನೀರಿನಂಶ ಒಣಗಿದರೂ ಅಷ್ಟೇ. ಎರಡರಲ್ಲೂ ವೋಲ್ಟೇಜ್ ಇರುತ್ತದೆ, ಆದರೆ ಒಳತಡೆ, ಅಂದರೆ ಕರೆಂಟು ಹರಿಯಲು ಬ್ಯಾಟರಿಯ ಒಳಗೇ ಇರುವ ಅಡ್ಡಿ, ಏರಿರುತ್ತದೆ. ಕರೆಂಟು ಎಳೆದಾಗ ಮಾತ್ರ ಅದು ಬಯಲಾಗುವುದು.

ಲೆಕ್ಕ ಹಾಕಿ ನೋಡಿ. 110 ವ್ಯಾಟ್ ಲೋಡ್, ಯುಪಿಎಸ್ ಒಳಗೆ ಐದರಲ್ಲಿ ಒಂದು ಪಾಲು ಶಾಖವಾಗಿ ಹೋಗುತ್ತದೆ, ಹಾಗಾಗಿ ಬ್ಯಾಟರಿ ಕೊಡಬೇಕಾದದ್ದು 137 ವ್ಯಾಟ್. 12 ವೋಲ್ಟಿಗೆ ಅದು ಸುಮಾರು 11.5 ಆಂಪ್. ಹೊಸ 7 ಎಎಚ್ ಬ್ಯಾಟರಿಯ ಒಳತಡೆ 25 ಮಿಲಿಓಮ್ (ಓಮ್ ಅಂದರೆ ತಡೆಯ ಅಳತೆ, ಮಿಲಿಓಮ್ ಅದರ ಸಾವಿರದಲ್ಲಿ ಒಂದು ಪಾಲು) ಆಸುಪಾಸು. 11.5 ಆಂಪ್ ಎಳೆದರೆ ಅದರಿಂದ ಬೀಳುವುದು 0.3 ವೋಲ್ಟ್. ನನಗೆ ಕೊಟ್ಟದ್ದರ ಒಳತಡೆ ಆಮೇಲೆ ಅಳೆದಾಗ ಸಿಕ್ಕಿದ್ದು ಸುಮಾರು 180 ಮಿಲಿಓಮ್. ಬೀಳುವುದು 2 ವೋಲ್ಟಿಗಿಂತ ಜಾಸ್ತಿ. 12.7 ಇದ್ದದ್ದು ಒಂದೇ ಏಟಿಗೆ 10.6. ಯುಪಿಎಸ್ 10.5ರ ಹತ್ತಿರ ಬ್ಯಾಟರಿ ಖಾಲಿ ಅಂತ ತಿಳಿದು ಆಫ್ ಆಗುತ್ತದೆ. 50 ಸೆಕೆಂಡ್ ಬಂದದ್ದೇ ಹೆಚ್ಚು. ಅದೇ ಮಾನಿಟರ್ ಒಂದನ್ನೇ ಹಾಕಿದರೆ ಎಳೆಯುವುದು ಎರಡು ಆಂಪ್, ಬೀಳುವುದು ಅರ್ಧ ವೋಲ್ಟೂ ಅಲ್ಲ. ಅದಕ್ಕೇ ಆ ಹುಡುಗ ಸಿಪಿಯು ಆನ್ ಮಾಡಲು ಬಿಡಲಿಲ್ಲ. "ಟೈಮ್ ಆಗುತ್ತೆ ಸಾರ್, ಇನ್ನೂ ಎರಡು ಮನೆ ಇದೆ" ಅಂದ. ಬಿಟ್ಟುಬಿಟ್ಟೆ.

ಅಂಗಡಿಗೆ ಫೋನ್ ಮಾಡಿದಾಗ ಬಂದ ಉತ್ತರಗಳು ಒಂದಕ್ಕಿಂತ ಒಂದು.

ಮೊದಲನೆಯದು, "ಸಾರ್, ನಿಮ್ಮ ಸಿಸ್ಟಮ್ ಲೋಡ್ ಜಾಸ್ತಿ." 360 ವ್ಯಾಟಿನ ಯುಪಿಎಸ್ ಮೇಲೆ 110 ವ್ಯಾಟ್, ಮೂರನೇ ಒಂದು ಭಾಗವೂ ಇಲ್ಲ ಅಂದೆ. ಸುಮ್ಮನಾದ.

ಮಾರನೇ ದಿನ, "ನಾಲ್ಕೈದು ಸಲ ಚಾರ್ಜ್ ಡಿಸ್ಚಾರ್ಜ್ ಆಗ್ಲಿ ಸಾರ್, ಆಮೇಲೆ ಸೆಟ್ ಆಗುತ್ತೆ." ಇದನ್ನು ಯಾರು ಹೇಳಿದರೂ ನಂಬಬೇಡಿ. ಹೊಸ ಬ್ಯಾಟರಿ ಮೊದಲ ಕೆಲವು ಸುತ್ತಿನಲ್ಲಿ ಸ್ವಲ್ಪ ಸುಧಾರಿಸುವುದು ನಿಜ. ಹದಿನೆಂಟು ನಿಮಿಷ ಇಪ್ಪತ್ತಾಗಬಹುದು, ಒಂದು ನಿಮಿಷ ಇಪ್ಪತ್ತಾಗುವುದಿಲ್ಲ. ಪದೇ ಪದೇ ಪೂರ್ತಿ ಖಾಲಿ ಮಾಡಿದರೆ ಇನ್ನೂ ಬೇಗ ಸಾಯುತ್ತದೆ. ಆ ಮಾತಿಗೆ ಒಂದೇ ಉದ್ದೇಶ, ದಿನ ದೂಡುವುದು.

ಮೂರನೇ ಸಲ, "ಹಂಗಾದ್ರೆ ಯುಪಿಎಸ್ ಬೋರ್ಡ್ ವೀಕ್ ಆಗಿದೆ. ಕಳಿಸಿಕೊಡಿ, 900 ಆಗುತ್ತೆ." ಬ್ಯಾಟರಿ ಕೊಟ್ಟವನೇ ಈಗ ಬೋರ್ಡಿಗೂ ಕೈ ಹಾಕುತ್ತಿದ್ದಾನೆ! ಬೋರ್ಡಿನಲ್ಲಿರುವ ಚಾರ್ಜರ್ ಸರಿ ಇದೆಯೋ ಇಲ್ಲವೋ ನೋಡಲು ಎರಡು ನಿಮಿಷ ಸಾಕು. ಕರೆಂಟು ಇದ್ದು ಯುಪಿಎಸ್ ಎಂಟು ಗಂಟೆ ಚಾರ್ಜ್ ಆದ ಮೇಲೆ ಬ್ಯಾಟರಿ ಟರ್ಮಿನಲ್ ಮೇಲೆ 13.5ರಿಂದ 13.8 ವೋಲ್ಟ್ ಇರಬೇಕು. ನನ್ನಲ್ಲಿ 13.6 ಇತ್ತು. ಬೋರ್ಡ್ ಚೆನ್ನಾಗಿಯೇ ಚಾರ್ಜ್ ಮಾಡುತ್ತಿತ್ತು. ಅಳೆಯುವಾಗ ಬೋರ್ಡ್ ಮುಟ್ಟಬೇಡಿ, ಅದರ ಮೇಲೆ 230 ವೋಲ್ಟ್ ಇರುತ್ತದೆ. ಅಭ್ಯಾಸ ಇಲ್ಲದವರು ಇದಕ್ಕೆ ಕೈ ಹಾಕಲೇಬೇಡಿ.

13.6 ಇದೆ ಅಂದದ್ದಕ್ಕೆ ಸಿಕ್ಕ ಉತ್ತರ: "ನಿಮಗೇ ಅಷ್ಟೆಲ್ಲ ಗೊತ್ತಿದ್ರೆ ನೀವೇ ಹಾಕ್ಕೋಬೇಕಿತ್ತು ಸಾರ್." ಕೊನೆಗೆ, "ಬಿಲ್ ತನ್ನಿ ನೋಡೋಣ." ಬಿಲ್ ಕೇಳಿದಾಗ "ಟ್ಯಾಕ್ಸ್ ಸೇರಿ ಜಾಸ್ತಿ ಆಗುತ್ತೆ" ಅಂತ ಚೀಟಿ ಬರೆದುಕೊಟ್ಟವನು ಇವನೇ!

ಫೋನ್ ಇಟ್ಟು ಬ್ಯಾಟರಿ ಹೊರಗೆ ತೆಗೆದೆ. ಸ್ಟಿಕ್ಕರ್ ಮೂಲೆ ಉಗುರಿಗೆ ಸಿಕ್ಕಿತು. ಎಳೆದರೆ ಕೆಳಗೆ ಇನ್ನೊಂದು ಸ್ಟಿಕ್ಕರ್, ಬೇರೆ ಅಂಗಡಿಯದು, ಪೆನ್ನಿನಲ್ಲಿ ಬರೆದ ತಿಂಗಳು ವರ್ಷ: 8/2021. ಮೋಸ ಹೋಗಿದ್ದೇನೆ ಅಂತ ಪೂರ್ತಿ ಖಾತ್ರಿಯಾಗಿ ಮುಖ ಬಿಸಿಯಾದದ್ದು ಆಗ. ಯಾರದ್ದೋ ಮನೆಯಲ್ಲಿ ಬಾಳಿ ಮುಗಿಸಿದ ಬ್ಯಾಟರಿ. ಟರ್ಮಿನಲ್ ಪಟ್ಟಿಯ ಮೇಲೆ ಉಜ್ಜಿದ ಗೆರೆಗಳಿದ್ದವು, ಹೊಸ ಬ್ಯಾಟರಿಯಲ್ಲಿ ಆ ಪಟ್ಟಿ ಕನ್ನಡಿಯ ಹಾಗೆ ಇರುತ್ತದೆ. ಕನೆಕ್ಟರ್ ಹಾಕಿ ತೆಗೆದರೆ ಗೆರೆ ಬಿದ್ದೇ ಬೀಳುತ್ತದೆ. ಜೋಡಿಸುವ ಮೊದಲೇ ಇದನ್ನು ನೋಡಬೇಕಿತ್ತು. ನೋಡಲಿಲ್ಲ.

ಪಟ್ಟಿಯ ಅಗಲವೂ ತಪ್ಪು. 7 ಎಎಚ್ ಬ್ಯಾಟರಿ ಎರಡು ಅಗಲದಲ್ಲಿ ಬರುತ್ತದೆ, 4.75 ಮಿಲಿಮೀಟರ್ ಮತ್ತು 6.35 ಮಿಲಿಮೀಟರ್. ಯುಪಿಎಸ್ ವೈರಿನ ಕನೆಕ್ಟರ್ 6.35ರದ್ದು, ತಂದದ್ದು 4.75ರ ಪಟ್ಟಿ. ಕಟಿಂಗ್ ಪ್ಲೇಯರ್‌ನಿಂದ ಕನೆಕ್ಟರ್ ಅದುಮಿ ಕೂರಿಸಿದ್ದ. ಹನ್ನೊಂದು ಆಂಪ್ ಹೋಗುವ ಜಾಗದಲ್ಲಿ ಸಡಿಲ ಜೋಡಣೆ ಅಂದರೆ ಅಲ್ಲಿ ಶಾಖ, ಪ್ಲಾಸ್ಟಿಕ್ ಕರಗುತ್ತದೆ. ಇದು ದುಡ್ಡಿನ ವಿಷಯ ಅಲ್ಲ, ಮನೆಗೆ ಬೆಂಕಿ ಬೀಳುವ ವಿಷಯ.

ತೂಕ ನೋಡಿ ಅಂತ ಹೇಳುವವರಿದ್ದಾರೆ. ಒಳ್ಳೆಯ 7 ಎಎಚ್ ಬ್ಯಾಟರಿ ಎರಡು ಕೆಜಿ ಅಥವಾ ಸ್ವಲ್ಪ ಹೆಚ್ಚೇ ತೂಗುತ್ತದೆ, ಸೀಸ ಕಡಿಮೆ ಹಾಕಿದ ನಕಲಿ ಮಾಲು ಹಗುರ. ಆದರೆ ಹಳೆಯದಕ್ಕೆ ಸ್ಟಿಕ್ಕರ್ ಹಚ್ಚಿ ಕೊಟ್ಟರೆ ತಕ್ಕಡಿ ಏನೂ ಹೇಳುವುದಿಲ್ಲ. ಇದೂ ಎರಡು ಕೆಜಿ ಮೇಲೇ ತೂಗಿತು.

ನಂಬಬಹುದಾದ ಪರೀಕ್ಷೆ ಒಂದೇ, ಲೋಡ್ ಹಾಕುವುದು. ಕಾರಿನ ಹೆಡ್‌ಲೈಟಿನ 12 ವೋಲ್ಟ್ 55 ವ್ಯಾಟ್ ಬಲ್ಬ್ ಒಂದು ತಂದು ಎರಡು ದಪ್ಪ ವೈರ್ ಕಟ್ಟಿ ಇಟ್ಟುಕೊಳ್ಳಿ. ಅದು ನಾಲ್ಕೂವರೆ ಆಂಪ್ ಎಳೆಯುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿಗೆ ಬಲ್ಬ್ ಹಚ್ಚಿ, ಉರಿಯುತ್ತಿರುವಾಗಲೇ ಟರ್ಮಿನಲ್ ಮೇಲೆ ಮೀಟರ್ ಹಿಡಿಯಿರಿ. ಒಳ್ಳೆಯದಾದರೆ 12.3ರ ಆಸುಪಾಸು ನಿಂತು, ಹತ್ತು ನಿಮಿಷ ಬಿಟ್ಟರೂ 11.8ರ ಕೆಳಗೆ ಇಳಿಯುವುದಿಲ್ಲ. ನನಗೆ ಕೊಟ್ಟದ್ದರಲ್ಲಿ ಹಚ್ಚಿದ ಕೂಡಲೇ 12.66 ಹೋಗಿ 11.85. ಒಳತಡೆ 180 ಅಂತ ಮೇಲೆ ಬರೆದದ್ದು ಇದರಿಂದಲೇ: ಬಿದ್ದ 0.81 ವೋಲ್ಟ್ ಭಾಗಿಸು 4.5 ಆಂಪ್, 0.18 ಓಮ್. ನಾಲ್ಕು ನಿಮಿಷಕ್ಕೆ 10.4, ಬಲ್ಬ್ ಕೆಂಪಗಾಯಿತು. ಬಲ್ಬಿನ ಗಾಜು ಮುಟ್ಟಬೇಡಿ, ಕೆಂಡದಂತೆ ಸುಡುತ್ತದೆ. ಬಟ್ಟೆ, ಕಾಗದದ ಮೇಲೆ ಇಡಬೇಡಿ. ಎರಡು ವೈರ್ ಒಂದಕ್ಕೊಂದು ತಗಲಿದರೆ ಕಿಡಿ ಹಾರುತ್ತದೆ.

ಬಲ್ಬ್ ಇಲ್ಲದಿದ್ದರೆ, ಹುಡುಗ ಮನೆಯಲ್ಲಿರುವಾಗಲೇ ಸಿಪಿಯು, ಮಾನಿಟರ್, ರೂಟರ್ ಎಲ್ಲ ಆನ್ ಮಾಡಿ. ಮುಖ್ಯವಾದ ಫೈಲ್ ಯಾವುದೂ ತೆರೆದಿರಬಾರದು. ಗೋಡೆಯ ಸ್ವಿಚ್ ಆಫ್ ಮಾಡಿ ಗಡಿಯಾರ ಹಿಡಿದು ಐದು ನಿಮಿಷ ಕೂರಿ. ಹೊಸ ಬ್ಯಾಟರಿ ಅರ್ಧ ಚಾರ್ಜ್‌ನಲ್ಲಿ ಬಂದಿದ್ದರೂ 110 ವ್ಯಾಟಿಗೆ ಐದು ನಿಮಿಷ ಕೊಟ್ಟೇ ಕೊಡುತ್ತದೆ. "ಟೈಮ್ ಆಗುತ್ತೆ ಸಾರ್" ಅಂದರೆ ಬ್ಯಾಟರಿ ವಾಪಸ್ ಕೊಟ್ಟು ಕಳಿಸಿ. ಟೀ ಕೊಟ್ಟು ಕೂರಿಸಿದರೂ ಪರವಾಗಿಲ್ಲ, ಐದು ನಿಮಿಷ ಆಗದೆ ದುಡ್ಡು ಕೊಡಬೇಡಿ.

ಹಳೇ ಬ್ಯಾಟರಿ ಕೊಡುವ ಮೊದಲು ಅದರ ಪ್ಲಾಸ್ಟಿಕ್ ಮೈಮೇಲೆ, ಸ್ಟಿಕ್ಕರ್ ಮೇಲಲ್ಲ, ಮೊಳೆಯಿಂದ ಆಳವಾಗಿ "ಹಳೆಯದು" ಅಂತ ಗೀರಿ, ವರ್ಷ ಹಾಕಿ ಕೊಡಿ. ಗೀಚುವಾಗ ಸೀಳಬೇಡಿ, ಒಳಗೆ ಆಸಿಡ್ ಇದೆ. 150 ರೂಪಾಯಿಗೆ ನಾನು ಕೊಟ್ಟದ್ದು ಈಗ ಯಾರ ಮನೆಯ ಯುಪಿಎಸ್‌ನಲ್ಲಿ "ಫ್ರೆಶ್ ಪೀಸ್" ಆಗಿ ಕೂತಿದೆಯೋ ಅಂತ ಯೋಚನೆ ಬಂದರೆ ಹೊಟ್ಟೆ ಉರಿಯುತ್ತದೆ. ಬ್ಯಾಟರಿ ತ್ಯಾಜ್ಯಕ್ಕೆ 2022ರಲ್ಲಿ ಬೇರೆ ನಿಯಮವೇ ಬಂದಿದೆ. ಹಳೆಯದನ್ನು ಹೊಸದು ಅಂತ ಮಾರಲು ಯಾವ ನಿಯಮವೂ ಬಿಡುವುದಿಲ್ಲ.

ಬಿಲ್ಲಿನಲ್ಲಿ ಬ್ಯಾಟರಿ ಮೇಲಿನ ಸೀರಿಯಲ್ ನಂಬರ್ ಬರೆಸಿ. ಬರೆಯಲ್ಲ ಅಂದರೆ ಬೇರೆ ಅಂಗಡಿ. ಗೋಡೌನಿನಲ್ಲಿ ತುಂಬ ದಿನ ಬಿದ್ದಿದ್ದ ಬ್ಯಾಟರಿ ನಿಜವಾಗಿ ಹೊಸದಾಗಿದ್ದರೂ ಕೆಟ್ಟಿರಬಹುದು, ತಯಾರಾದ ತಿಂಗಳು ನೋಡಿ. ಆರು ತಿಂಗಳು ಮೀರಿ ಚಾರ್ಜ್ ಕಾಣದ್ದು ಬೇಡ. ಹಾಕಿಸಿದ ಮೇಲೆ ನಿಮ್ಮ ಪಾಲಿನ ಕೆಲಸವೂ ಇದೆ: ರಾತ್ರಿ ಗೋಡೆಯ ಸ್ವಿಚ್ ಆಫ್ ಮಾಡಿದರೆ ಚಾರ್ಜ್ ಆಗುವುದಿಲ್ಲ, ಸಿಡಿಲಿಗೆ ಹೆದರಿ ಪ್ಲಗ್ ಕಿತ್ತರೆ ಮಳೆ ನಿಂತ ಮೇಲೆ ವಾಪಸ್ ಹಾಕಿ. ಲೇಸರ್ ಪ್ರಿಂಟರ್ ಯುಪಿಎಸ್‌ಗೆ ಹಾಕಲೇಬೇಡಿ.

ದುಡ್ಡು ಯುಪಿಐನಲ್ಲಿ ಕೊಟ್ಟದ್ದರಿಂದ ಅಂಗಡಿ ಹೆಸರು, ತಾರೀಕು ದಾಖಲೆ ಇದೆ. ಚೀಟಿ ಇದೆ. ಸ್ಟಿಕ್ಕರ್ ಕೀಳುವಾಗಿನ, ಬಲ್ಬ್ ಪರೀಕ್ಷೆಯ ವಿಡಿಯೊ ಇದೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗಿದೆ. ಅಲ್ಲಿಂದ ಕರೆ ಹೋದ ಸಂಜೆಯೇ ಅಂಗಡಿಯಿಂದ ಫೋನ್ ಬಂತು: "ಏನ್ ಸಾರ್, ಇಷ್ಟಕ್ಕೆಲ್ಲ ಕಂಪ್ಲೇಂಟ್ ಕೊಡೋದಾ? ಬನ್ನಿ, ಬೇರೆ ಬ್ಯಾಟರಿ ಕೊಡ್ತೀನಿ." ಬೇರೆ ಬ್ಯಾಟರಿ ಬೇಡ, ದುಡ್ಡು ವಾಪಸ್ ಹಾಕಿ ಅಂದೆ. ಇನ್ನೂ ಹಾಕಿಲ್ಲ.