ಹಳೆಯ ಸ್ಪೋರ್ಟ್ಸ್ ಕಾರಿಗೆ ಪಿಗ್ಗಿಬ್ಯಾಕ್ ಹಾಕಿಸುವ ಮುಂಚೆ ಇದನ್ನು ಓದಿ

ಬೆಂಗಳೂರಿನಲ್ಲಿ ಹಳೆಯ ಪೆಟ್ರೋಲ್ ಕಾರನ್ನು ಆಸೆಯಿಂದ ಸಾಕಿಕೊಂಡಿರುವ ಎಲ್ಲರಿಗೂ ಇದನ್ನು ಬರೆಯುತ್ತಿದ್ದೇನೆ. ನಿಮ್ಮದು ಪ್ಯಾಲಿಯೋ 1.6 ಇರಬಹುದು, ಹಳೆಯ ಸಿಟಿ ವಿಟೆಕ್ ಇರಬಹುದು, ಸೀಡಿಯಾ ಇರಬಹುದು. ಪಿಗ್ಗಿಬ್ಯಾಕ್ ಎಂದರೆ ಇಸಿಯುಗೆ, ಅಂದರೆ ಇಂಜಿನ್ನಿನ ಕಂಪ್ಯೂಟರಿಗೆ, ಹೋಗುವ ವೈರಿನ ಮಧ್ಯೆ ಕೂರಿಸುವ ಸಣ್ಣ ಬಾಕ್ಸ್. "ಇಸಿಯು ಮುಟ್ಟೋದೇ ಬೇಡ ಸಾರ್, ಒಂದು ಸಣ್ಣ ಬಾಕ್ಸ್ ಹಾಕಿದ್ರೆ ಸಾಕು, ಪವರ್ ತಾನಾಗೇ ಬರುತ್ತೆ" ಎಂದು ಯಾರಾದರೂ ಹೇಳಿದರೆ, ಅಡ್ವಾನ್ಸ್ ಕೊಡುವ ಮುಂಚೆ ನನ್ನ ಕಾರಿಗೆ ಏನಾಯಿತು ಅಂತ ತಿಳಿದುಕೊಳ್ಳಿ.

ನನ್ನದು 1991ರ ಮಜ್ದಾ ಎಂಎಕ್ಸ್-5. ಎರಡು ಸೀಟು, 1.6 ಲೀಟರ್ ಇಂಜಿನ್, ಟರ್ಬೋ ಇಲ್ಲ, ಹಿಂದಿನ ಚಕ್ರಕ್ಕೆ ಪವರ್, ತೂಕ ಒಂದು ಟನ್ನಿಗಿಂತ ಕಮ್ಮಿ. ಸೋದರಮಾವ ಇಂಗ್ಲೆಂಡಿನ ಕೆಲಸ ಮುಗಿಸಿ ಊರಿಗೆ ಬರುವಾಗ ತಂದ ಕಾರು ಇದು. ಇದರ ಬಿಡಿಭಾಗ ಜೆ.ಸಿ. ರೋಡಿನಲ್ಲಿ ಸಿಗಲ್ಲ. ಒಂದು ಗ್ಯಾಸ್ಕೆಟ್ ಬೇಕಾದರೂ ಹೊರದೇಶದಿಂದ ತರಿಸಬೇಕು, ಕಸ್ಟಮ್ಸ್ ಕಟ್ಟಬೇಕು. ಅದಕ್ಕೇ ಇದರ ಇಂಜಿನ್ ಹೋದಾಗ ಅಷ್ಟು ಹೊಟ್ಟೆ ಉರಿದಿದ್ದು.

ಎಕ್ಸಾಸ್ಟ್ ಹೆಡರ್ (ಇಂಜಿನ್ನಿನಿಂದ ಹೊಗೆ ಹೊರಗೊಯ್ಯುವ ಮೊದಲ ಪೈಪುಗಳು) ಬದಲಾಯಿಸಲು ಕಾರು ಒಂದು ಟ್ಯೂನಿಂಗ್ ಗ್ಯಾರೇಜಿಗೆ ಹೋಗಿತ್ತು. ಹೆಸರು ಹೇಳುವುದಿಲ್ಲ, ಅದು ಬೇಕಾಗಿಯೂ ಇಲ್ಲ, ಇದೇ ರೀತಿ ಕೆಲಸ ಮಾಡುವವರು ಇನ್ನೂ ಇದ್ದಾರೆ. ಹೆಡರ್ ಜೊತೆಗೆ ಪಿಗ್ಗಿಬ್ಯಾಕ್ ಹಾಕಿಸಿ ಎಂದರು. ಬಾಕ್ಸು, ಫಿಟ್ಟಿಂಗು, ಡೈನೋ (ಚಕ್ರಕ್ಕೆ ಬರುವ ಪವರ್ ಅಳೆಯುವ ಯಂತ್ರ) ಎಲ್ಲ ಸೇರಿ 48,000 ರೂಪಾಯಿ. ಕಾರು ವಾಪಸ್ ಬಂದಾಗ ಜೊತೆಗೆ ಒಂದು ಡೈನೋ ಹಾಳೆ ಕೊಟ್ಟರು. ಚಕ್ರದ ಹತ್ತಿರ ಮೊದಲು 92, ಈಗ 106. ಹದಿನಾಲ್ಕು ಹಾರ್ಸ್‌ಪವರ್ ಜಾಸ್ತಿ.

ಆ ಹಾಳೆಯ ಕಥೆಯನ್ನೇ ಮೊದಲು ಹೇಳುತ್ತೇನೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 910 ಮಿಲಿಬಾರ್, ಸಮುದ್ರತೀರದಲ್ಲಿ 1013. ಟರ್ಬೋ ಇಲ್ಲದ ಯಾವ ಕಾರಾದರೂ ಇಲ್ಲಿ ಹತ್ತು ಪರ್ಸೆಂಟ್ ಆಸುಪಾಸು ಪವರ್ ಕಳೆದುಕೊಳ್ಳುತ್ತದೆ. ಅದನ್ನು ಸರಿದೂಗಿಸಲು ಡೈನೋ ಸಾಫ್ಟ್‌ವೇರ್ ಒಂದು ಕರೆಕ್ಷನ್ ಅಂಕಿಯಿಂದ ಗುಣಿಸುತ್ತದೆ. ಅದರಲ್ಲಿ ಮೋಸ ಇಲ್ಲ, ಎಲ್ಲ ಕಡೆ ಮಾಡುವುದೇ. ಆದರೆ ನನ್ನ ಹಾಳೆಯ ಕೆಳಮೂಲೆಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ಮೊದಲ ರನ್ನಿಗೆ 1.00 ಎಂದೂ ಎರಡನೆಯದಕ್ಕೆ 1.12 ಎಂದೂ ಇತ್ತು. 92ನ್ನು 1.12ರಿಂದ ಗುಣಿಸಿ ನೋಡಿ. 103 ಬರುತ್ತದೆ. ಅಂದರೆ ಹದಿನಾಲ್ಕರಲ್ಲಿ ಹನ್ನೊಂದು ಬರೀ ಕಾಗದದ ಮೇಲಿನ ಪವರ್. ನಿಜವಾಗಿ ಬಂದಿದ್ದು ಮೂರು, ಅದರಲ್ಲಿ ಹೆಡರ್ ಪಾಲೂ ಇದೆ. ಹಾಳೆಯಲ್ಲಿ ಗಾಳಿ-ಪೆಟ್ರೋಲ್ ಅನುಪಾತದ ಗೆರೆಯೇ ಇರಲಿಲ್ಲ.

ಈಗ ಬಾಕ್ಸ್ ಒಳಗೆ ಏನು ನಡೆಯುತ್ತದೆ ಅನ್ನುವುದಕ್ಕೆ ಬರೋಣ, ಯಾಕೆಂದರೆ ಇಂಜಿನ್ ಕೊಂದಿದ್ದು ಅದೇ. ಎಷ್ಟು ಗಾಳಿ ಒಳಗೆ ಬರುತ್ತಿದೆ ಎಂದು ಏರ್‌ಫ್ಲೋ ಮೀಟರ್ ಇಸಿಯುಗೆ ಸಿಗ್ನಲ್ ಕಳಿಸುತ್ತದೆ. ಪಿಗ್ಗಿಬ್ಯಾಕ್ ಈ ವೈರಿನ ಮಧ್ಯೆ ಕೂತು ಸಿಗ್ನಲ್ ಬದಲಾಯಿಸುತ್ತದೆ. ಈ ಮಜ್ದಾ ಇಂಜಿನ್ ಫುಲ್ ಥ್ರಾಟಲ್‌ನಲ್ಲಿ ಕಂಪನಿಯಿಂದಲೇ ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ, ಇಂಜಿನ್ ಸೇಫಾಗಿರಲಿ ಅಂತ. ಅದನ್ನು ಕಮ್ಮಿ ಮಾಡಿದರೆ ಒಂದಿಷ್ಟು ಪವರ್ ಸಿಗುತ್ತದೆ. ಹಾಗಾಗಿ ಬಾಕ್ಸ್ "ಗಾಳಿ ಕಮ್ಮಿ ಬರುತ್ತಿದೆ" ಎಂದು ಇಸಿಯುಗೆ ಸುಳ್ಳು ಹೇಳುತ್ತದೆ, ಇಸಿಯು ಪೆಟ್ರೋಲ್ ಇಳಿಸುತ್ತದೆ. ಇಲ್ಲಿವರೆಗೆ ಗ್ಯಾರೇಜಿನವರು ಹೇಳುತ್ತಾರೆ. ಮುಂದಿನದು ಹೇಳುವುದಿಲ್ಲ.

ಇಸಿಯು ಅದೇ ಸಿಗ್ನಲ್ ನೋಡಿಕೊಂಡೇ ಇಗ್ನಿಶನ್ ಟೈಮಿಂಗನ್ನೂ, ಅಂದರೆ ಪ್ಲಗ್ ಕಿಡಿ ಕೊಡುವ ಹೊತ್ತನ್ನೂ, ನಿರ್ಧರಿಸುತ್ತದೆ. ಗಾಳಿ ಕಮ್ಮಿ ಎಂದರೆ ಇಂಜಿನ್ ಮೇಲೆ ಲೋಡ್ ಕಮ್ಮಿ ಎಂದು ಅದರ ಲೆಕ್ಕ. ಲೋಡ್ ಕಮ್ಮಿ ಇದ್ದಾಗ ಕಿಡಿಯನ್ನು ಬೇಗ ಕೊಡಬಹುದು. ಹಾಗಾಗಿ ಪೆಟ್ರೋಲ್ ಇಳಿಸಲು ಹೇಳಿದ ಸುಳ್ಳಿಗೆ ಟೈಮಿಂಗ್ ಕೂಡ ಅಡ್ವಾನ್ಸ್ ಆಗುತ್ತದೆ. ಸಿಲಿಂಡರ್ ತುಂಬಾ ಗಾಳಿ ಇದೆ, ಕಿಡಿ ಮಾತ್ರ ಅರ್ಧ ಖಾಲಿ ಸಿಲಿಂಡರಿಗೆ ಹೊಂದುವ ಹೊತ್ತಿಗೆ ಬೀಳುತ್ತಿದೆ. ಇದರಿಂದ ನಾಕಿಂಗ್ ಶುರುವಾಗುತ್ತದೆ, ಅಂದರೆ ಪೆಟ್ರೋಲ್ ಸಮನಾಗಿ ಉರಿಯದೆ ಸಿಲಿಂಡರಿನೊಳಗೆ ಸಿಡಿಯುತ್ತದೆ. ಹೊಸ ಕಾರಾದರೆ ನಾಕ್ ಸೆನ್ಸರ್ ಅದನ್ನು ಕೇಳಿಸಿಕೊಂಡು ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ. 1991ರ ಎಂಎಕ್ಸ್-5ಗೆ ಆ ಸೆನ್ಸರ್ ಇಲ್ಲ. ಕಾಪಾಡುವವರು ಯಾರೂ ಇಲ್ಲ.

ಇದು ಸಾಲದು ಅಂತ ಬೇಸ್ ಟೈಮಿಂಗನ್ನೂ ತಿರುಗಿಸಿದ್ದರು. ಐಡಲ್‌ನಲ್ಲಿ ಕಿಡಿ ಬೀಳುವ ಆ ಮೂಲ ಹೊತ್ತು ಈ ಕಾರಿಗೆ ಕಂಪನಿ ಹೇಳುವಂತೆ ಪಿಸ್ಟನ್ ಮೇಲಿನ ತುದಿ ಮುಟ್ಟುವ 10 ಡಿಗ್ರಿ ಮುಂಚೆ. ಇಂಜಿನ್ ಹಿಂದಿರುವ ಕ್ಯಾಮ್ ಆಂಗಲ್ ಸೆನ್ಸರಿನ ಬೋಲ್ಟ್ ಸಡಿಲಿಸಿ ಒಂಚೂರು ತಿರುಗಿಸಿದರೆ ಅದು ಜಾಸ್ತಿ ಆಗುತ್ತದೆ. ಆಮೇಲೆ ಡಯಾಗ್ನೋಸ್ಟಿಕ್ ಬಾಕ್ಸಿನ ಟೆನ್, ಗ್ರೌಂಡ್ ಪಿನ್ನುಗಳಿಗೆ ವೈರ್ ಹಾಕಿ ಟೈಮಿಂಗ್ ಲೈಟ್ ಹಿಡಿದಾಗ 16 ತೋರಿಸಿತು. ಬಿಲ್ಲಿನಲ್ಲಿ ಇದರ ಒಂದು ಸಾಲೂ ಇರಲಿಲ್ಲ, ಬಾಯಲ್ಲೂ ಹೇಳಿರಲಿಲ್ಲ.

ಇಷ್ಟೆಲ್ಲ ಇದ್ದರೂ ಬೆಂಗಳೂರಿನಲ್ಲಿ ಕಾರು ಚೆನ್ನಾಗೇ ಓಡಿತು. ನೈಸ್ ರೋಡಿನಲ್ಲೂ ಏನೂ ಸದ್ದಿಲ್ಲ. ಕಾರಣ ಅದೇ ತೆಳು ಗಾಳಿ. ಸಿಲಿಂಡರಿಗೆ ಗಾಳಿ ತುಂಬುವುದೇ ಕಮ್ಮಿ ಆದ್ದರಿಂದ ತಪ್ಪು ಟೈಮಿಂಗ್ ಕೂಡ ಇಲ್ಲಿ ನಡೆದುಹೋಗುತ್ತದೆ. ಸಮುದ್ರಮಟ್ಟದಲ್ಲಿ ಇಂಜಿನ್ನಿಗೆ ಬೀಳುವ ಲೋಡನ್ನು ಬೆಂಗಳೂರಿನ ಯಾವ ಡೈನೋ ಮೇಲೂ ಟರ್ಬೋ ಇಲ್ಲದ ಕಾರಿನಲ್ಲಿ ತರಿಸಲು ಆಗುವುದಿಲ್ಲ. ಅಂದಮೇಲೆ ಅಷ್ಟು ಲೋಡಿನ ಟ್ಯೂನಿಂಗ್ ಇಲ್ಲಿ ಯಾರೂ ಪರೀಕ್ಷಿಸಿ ನೋಡಿರುವುದಿಲ್ಲ, ಅಲ್ವಾ?

ಮಂಗಳೂರಿಗೆ ಹೊರಟಾಗ ಅದು ಗೊತ್ತಾಯಿತು. ಸಕಲೇಶಪುರದ ತನಕ ಕಾರು ಬೆಣ್ಣೆಯಂತೆ ಬಂತು. ಶಿರಾಡಿ ಘಾಟಿ ಇಳಿದು, ಉಪ್ಪಿನಂಗಡಿ ದಾಟಿ ಮಾಣಿ ಕಡೆ ಏರಿನಲ್ಲಿ ಒಂದು ಟ್ಯಾಂಕರ್ ಓವರ್‌ಟೇಕ್ ಮಾಡಲು ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದೆ. ಮುಂದಿನಿಂದ ಟಕಟಕ ಅಂತ ಸಣ್ಣ ಲೋಹದ ಸದ್ದು. ಕಾಲು ತೆಗೆದ ಕೂಡಲೇ ನಿಂತಿತು. ಆದರೆ ಅಷ್ಟು ಹೊತ್ತೇ ಸಾಕಾಗಿತ್ತು. ಬಂಟ್ವಾಳ ಮುಟ್ಟುವ ಹೊತ್ತಿಗೆ ಇಂಜಿನ್ ಐಡಲ್‌ನಲ್ಲಿ ನಡುಗುತ್ತಿತ್ತು, ಹಿಂದೆ ನೀಲಿ ಹೊಗೆ.

ಪರಿಚಯದ ಮೆಕ್ಯಾನಿಕ್ ಒಬ್ಬರು ಪ್ಲಗ್ ಬಿಚ್ಚಿದರು. ಮೂರು ಪ್ಲಗ್ ತುದಿ ತಿಳಿ ಕಂದು, ಸರಿಯಾಗಿವೆ. ಮೂರನೇ ಸಿಲಿಂಡರಿನದು ಸುಣ್ಣ ಬಳಿದ ಬಿಳಿ. ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಬಿಳಿ ಪಿಂಗಾಣಿಯ ಮೇಲೆ ಮಿರಮಿರ ಮಿನುಗುವ ಬೆಳ್ಳಿಚುಕ್ಕೆಗಳು. ಅದು ಕರಗಿ ಅಂಟಿಕೊಂಡ ಪಿಸ್ಟನ್ನಿನ ಅಲ್ಯೂಮಿನಿಯಂ. ಕಂಪ್ರೆಶನ್ ನೋಡಿದಾಗ ಉಳಿದವು 165 ಪಿಎಸ್‌ಐ ಆಸುಪಾಸು, ಮೂರನೆಯದು 80. ಹೆಡ್ ಇಳಿಸಿ ಪಿಸ್ಟನ್ ಹೊರಗೆ ತೆಗೆದಾಗ ಮೊದಲ ಎರಡು ರಿಂಗುಗಳ ನಡುವಿನ ಗೋಡೆ ಉಗುರಗಲ ಚೂರಾಗಿ ಕೈಗೆ ಬಂತು. ಸಿಲಿಂಡರ್ ಗೋಡೆ ಮೇಲೆ ಉದ್ದಕ್ಕೆ ಗೀರು. ರಿಪೇರಿ ಖರ್ಚು ಈಗಾಗಲೇ ಎರಡೂವರೆ ಲಕ್ಷ ದಾಟಿದೆ. ಇನ್ಶೂರೆನ್ಸಿನಲ್ಲಿ ಮೆಕ್ಯಾನಿಕಲ್ ಬ್ರೇಕ್‌ಡೌನ್‌ಗೆ ದುಡ್ಡು ಬರುವುದಿಲ್ಲ.

ಗ್ಯಾರೇಜಿನವರನ್ನು ಕೇಳಿದ್ದಕ್ಕೆ "ಪೆಟ್ರೋಲ್ ಸರಿ ಇಲ್ಲ ಸಾರ್" ಎಂದರು. ಮ್ಯಾಪ್, ಅಂದರೆ ಬಾಕ್ಸಿನೊಳಗಿನ ಲೆಕ್ಕದ ಪಟ್ಟಿ, ತೋರಿಸಿ ಎಂದರೆ ಪಾಸ್‌ವರ್ಡ್ ಕೊಡಲಿಲ್ಲ. ಆಮೇಲೆ ಬೇರೊಬ್ಬರು ಬಾಕ್ಸನ್ನು ಬೆಂಚ್ ಮೇಲಿಟ್ಟು, ಒಳಗೆ ಹೋಗುವ ಸಿಗ್ನಲ್ ಮತ್ತು ಹೊರಗೆ ಬರುವ ಸಿಗ್ನಲ್ ಎರಡನ್ನೂ ಆಸಿಲೋಸ್ಕೋಪಿನಲ್ಲಿ ಹೋಲಿಸಿ ನೋಡಿದರು. ಮೇಲಿನ ಆರ್‌ಪಿಎಂನಲ್ಲಿ ಗಾಳಿಯ ಲೆಕ್ಕವನ್ನು ಸುಮಾರು 12 ಪರ್ಸೆಂಟ್ ಇಳಿಸುತ್ತಿತ್ತು. ಪೆಟ್ರೋಲಿನ ಮಾತಿನಲ್ಲೂ ಒಂದು ಸತ್ಯ ಇದೆ, ಆದರೆ ಅದು ಅವರಿಗೇ ವಿರುದ್ಧವಾದದ್ದು. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಸೇರಿದ ಪೆಟ್ರೋಲ್. ಎಥನಾಲ್ ನಾಕಿಂಗ್ ತಡೆಯುತ್ತದೆ ನಿಜ. ಆದರೆ ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಆದರೆ ಇದಕ್ಕೆ 13.5ರ ಹತ್ತಿರ. ಅಂದರೆ ಅದೇ ಗಾಳಿಗೆ ಇಂಧನ ಜಾಸ್ತಿ ಬೇಕು. ನಿಧಾನವಾಗಿ ಓಡಿಸುವಾಗ ಆಕ್ಸಿಜನ್ ಸೆನ್ಸರ್ ಇದನ್ನು ಸರಿಮಾಡುತ್ತದೆ, ಫುಲ್ ಥ್ರಾಟಲ್‌ನಲ್ಲಿ ಹಳೆಯ ಇಸಿಯು ಆ ಸೆನ್ಸರ್ ಮಾತನ್ನೇ ಕೇಳುವುದಿಲ್ಲ. ಮೊದಲೇ ಕಮ್ಮಿ ಬೀಳುವ ಕಡೆ ಬಾಕ್ಸ್ ಇನ್ನೂ ಕಮ್ಮಿ ಮಾಡಿತು.

ಕೆಲವು ಪಿಗ್ಗಿಬ್ಯಾಕ್‌ಗಳು ಕ್ರ್ಯಾಂಕ್ ಸಿಗ್ನಲ್ಲನ್ನೂ ಹಿಡಿದು ಟೈಮಿಂಗ್ ಬೇರೆಯಾಗಿ ಹಿಂದಕ್ಕೆ ಎಳೆಯಬಲ್ಲವು. ಗೊತ್ತಿರುವವರು ವೈಡ್‌ಬ್ಯಾಂಡ್ ಸೆನ್ಸರ್ (ಗಾಳಿ-ಪೆಟ್ರೋಲ್ ಅನುಪಾತ ಅಳೆಯುವುದು) ಹಾಕಿ, ನಾಕ್ ಕೇಳಿಸಿಕೊಂಡು ಟ್ಯೂನ್ ಮಾಡಿದರೆ ಅವು ಕೆಲಸ ಮಾಡುತ್ತವೆ. ಬರೀ ಏರ್‌ಫ್ಲೋ ಸಿಗ್ನಲ್ ತಿದ್ದುವ ಬಾಕ್ಸನ್ನು ನಾಕ್ ಸೆನ್ಸರ್ ಇಲ್ಲದ ಕಾರಿಗೆ ಹಾಕಿಸಲೇಬೇಡಿ. ಆಕ್ಟೇವಿಯಾ ಆರ್‌ಎಸ್ ಥರದ ಕಾರಾದರೆ ಅದರ ಸ್ವಂತ ಇಸಿಯುವನ್ನೇ ರೀಮ್ಯಾಪ್ ಮಾಡಬಹುದು (ಅದರೊಳಗಿನ ಲೆಕ್ಕವನ್ನೇ ಬದಲಾಯಿಸಬಹುದು), ಬಾಕ್ಸಿನ ಅಗತ್ಯವೇ ಇಲ್ಲ. ನನ್ನ ಕಾರಿನಂಥದ್ದಕ್ಕೆ ಮೆಗಾಸ್ಕ್ವರ್ಟ್ ಥರದ ಸ್ಟ್ಯಾಂಡ್‌ಅಲೋನ್ ಇಸಿಯು (ಹಳೆಯದರ ಜಾಗದಲ್ಲಿ ಹಾಕುವ ಬೇರೆ ಇಸಿಯು) ಸರಿ. ಅದರಲ್ಲಿ ಪೆಟ್ರೋಲಿಗೆ ಒಂದು ಮ್ಯಾಪ್, ಟೈಮಿಂಗಿಗೆ ಇನ್ನೊಂದು, ಯಾರಿಗೂ ಸುಳ್ಳು ಹೇಳಬೇಕಿಲ್ಲ. ಖರ್ಚು ಜಾಸ್ತಿ. ಅಷ್ಟು ದುಡ್ಡಿಲ್ಲದಿದ್ದರೆ ಪ್ಲಗ್, ಪ್ಲಗ್ ವೈರ್, ಇಂಜೆಕ್ಟರ್ ಕ್ಲೀನಿಂಗ್ ಮಾಡಿಸಿ ಸ್ಟಾಕ್ ಆಗಿಯೇ, ಕಂಪನಿಯಿಂದ ಬಂದ ಹಾಗೇ, ಓಡಿಸಿ. ಇಂಥ ಕಾರಿನ ಮಜಾ ಮೂರು ಹಾರ್ಸ್‌ಪವರಿನಲ್ಲಿ ಇಲ್ಲ.

ಈಗಾಗಲೇ ಬಾಕ್ಸ್ ಹಾಕಿಸಿಕೊಂಡಿದ್ದರೆ ಡೈನೋ ಹಾಳೆ ಹುಡುಕಿ ಎರಡೂ ರನ್ನಿನ ಕರೆಕ್ಷನ್ ಅಂಕಿ ಒಂದೇ ಇದೆಯಾ ನೋಡಿ. ವೈಡ್‌ಬ್ಯಾಂಡ್ ಲಾಗ್ ಕೇಳಿ. ಕಾರ್ಪೆಟ್ ಎತ್ತಿ ವೈರುಗಳನ್ನೂ ನೋಡಿ. ನನ್ನದರಲ್ಲಿ ಸುಮ್ನೆ ಕ್ಲಿಪ್ ಒತ್ತಿ ಜೋಡಿಸಿದ್ದರು, ಮಳೆನೀರಿನ ತೇವಕ್ಕೆ ತಾಮ್ರ ಹಸಿರುಗಟ್ಟಿತ್ತು. ಬೇಸ್ ಟೈಮಿಂಗನ್ನು ಬೇರೆ ಮೆಕ್ಯಾನಿಕ್ ಕೈಯಲ್ಲಿ ಚೆಕ್ ಮಾಡಿಸಿ. ಇದೆಲ್ಲ ಆಗುವ ತನಕ ಮಂಗಳೂರಿಗೋ ಚೆನ್ನೈಗೋ ಹೋಗುವುದಿದ್ದರೆ, ವೈರಿಂಗ್ ವಾಪಸ್ ಸ್ಟಾಕ್‌ಗೆ ಜೋಡಿಸಿ, ಟೈಮಿಂಗನ್ನು ಕಂಪನಿ ಹೇಳಿದ ಡಿಗ್ರಿಗೆ ತಂದು, ಆಮೇಲೆ ಹೊರಡಿ.